ಮಾವನ ಟ್ರಕ್ಕಿನ ಜಾಯಿಂಟು

ಎಲ್ಲಕ್ಕೂ ಮೂಲ ಒಂದು ರಬ್ಬರಿನ ಚೀಲ. ಅಂಗೈಯಗಲದ್ದು, ನಲವತ್ತು ವರ್ಷ ಹಳೆಯದು, ಟ್ರಕ್ಕಿನ ಹೊಟ್ಟೆಯ ಕೆಳಗೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇದ್ದದ್ದು. ಅದು ತನ್ನಷ್ಟಕ್ಕೆ ತಾನು ಹರಿದುಕೊಂಡು ಸುಮ್ಮನಿದ್ದರೆ ಯಾರದೂ ತಕರಾರಿರಲಿಲ್ಲ. ಆದರೆ ಹೋದ ಭಾನುವಾರ ಚರ್ಚಿನ ಬಾಗಿಲಲ್ಲಿ, ಪ್ರಾರ್ಥನೆ ಮುಗಿಸಿ ಹೌಗ್‌ದಾಲ್ ಊರೆಲ್ಲ ಹೊರಗೆ ಬರುವ ಹೊತ್ತಿಗೆ ಸರಿಯಾಗಿ, ಅದು ತನ್ನೊಳಗಿದ್ದ ಗ್ರೀಸನ್ನು ಹಿಡಿಹಿಡಿಯಾಗಿ ಎರಚಿತು. ಎರಚಿದ್ದು ಬೇರೆ ಯಾರ ಮೇಲೂ ಅಲ್ಲ, ಎಂಬತ್ತನಾಲ್ಕು ವರ್ಷದ ಬೋರ್ಘಿಲ್ಡ್ ಅಜ್ಜಿಯ ಬೆಳ್ಳನೆಯ ಕಾಲುಚೀಲದ ಮೇಲೆ. ಟ್ರಕ್ಕು ಆ ಅಜ್ಜಿಯದೇ. ಓಡಿಸುತ್ತಿದ್ದವನು ಅವಳ ಅಳಿಯ ಆರ್ಲೆನ್ ಸ್ಕೊಗ್ಮೊ.

"ಹಾಲ್ವರ್ ಇದ್ದಾಗ ಇದು ಒಂದು ತೊಟ್ಟೂ ಉಗುಳಿರಲಿಲ್ಲ," ಎಂದಳು ಅಜ್ಜಿ, ಮನೆಗೆ ಬಂದು ಕಾಲುಚೀಲ ಕಳಚುತ್ತ. ಹಾಲ್ವರ್ ಅವಳ ಗಂಡ. ತೀರಿಕೊಂಡು ಎರಡು ವರ್ಷವಾಗಿತ್ತು.

"ಅತ್ತೆ, ಅದು ಹಳೇ ಕಾಲದ ಜಾಯಿಂಟು. ಕಬ್ಬಿಣದ ಡಬ್ಬಿ, ಅದರೊಳಗೆ ಎರಡು ಗುಂಡು, ಮೇಲೊಂದು ರಬ್ಬರ್ ಚೀಲ. ಈಗ ಯಾರೂ ಅದನ್ನ ಮಾಡೋದೇ ಇಲ್ಲ. ಬಿಸಾಕಿ ಹೊಸ ತರದ್ದು ಹಾಕ್ಬೇಕು," ಎಂದ ಆರ್ಲೆನ್.

"ಹಳೇದನ್ನೆಲ್ಲ ಬಿಸಾಕೋದಾದ್ರೆ ನನ್ನಿಂದಲೇ ಶುರು ಮಾಡು."

"ಹಾಗಲ್ಲ ಅತ್ತೆ..."

"ಕೇಳಿಲ್ಲಿ. ಬರೋ ಶನಿವಾರ ಚರ್ಚಿಗೆ ನೂರು ವರ್ಷ. ಬಿಷಪ್ ಬರ್ತಾರೆ. ನಾನು ಹಾಲ್ವರ್ ಟ್ರಕ್ಕಿನಲ್ಲೇ ಹೋಗೋದು. ನಾಲ್ಕು ಗಂಟೆಗೆ, ಟಕ್ ಅನ್ನದೆ, ಗ್ರೀಸು ಉಗುಳದೆ ನನ್ನನ್ನ ಕರ್ಕೊಂಡು ಹೋದ್ಯೋ, ಅವತ್ತೇ ಟ್ರಕ್ಕನ್ನ ನಿನ್ನ ಹೆಸರಿಗೆ ಬರೀತೀನಿ. ಇಲ್ಲಾಂದ್ರೆ ಡುವೇನ್‌ಗೆ ಕೊಡ್ತೀನಿ. ಅವನ ಗ್ಯಾರೇಜಿನಲ್ಲಿ ನೆರಳಾದರೂ ಇದೆ."

ಡುವೇನ್ ಅಜ್ಜಿಯ ತಂಗಿಯ ಮಗ. ಅವನು ಮುಟ್ಟಿದ ಇಂಜಿನ್ನು ಕೆಮ್ಮುವುದನ್ನು ನಿಲ್ಲಿಸುತ್ತಿತ್ತು. ಆರ್ಲೆನ್ ಮುಟ್ಟಿದ ಇಂಜಿನ್ನು ಉಸಿರಾಡುವುದನ್ನೇ ನಿಲ್ಲಿಸುತ್ತಿತ್ತು. ಅವನಿಗೆ ಧಾನ್ಯದ ಉಗ್ರಾಣದಲ್ಲಿ ಲಾರಿ ತೂಗಿ ಚೀಟಿ ಬರೆಯುವ ಕೆಲಸ. ಐವತ್ತೆಂಟು ವರ್ಷದಲ್ಲಿ ಅವನು ಆಸೆಪಟ್ಟ ವಸ್ತುಗಳು ಬೆರಳೆಣಿಕೆಯಷ್ಟು, ಅದರಲ್ಲಿ ಮೊದಲನೆಯದು ಈ ಟ್ರಕ್ಕು. ಐವತ್ತೊಂದನೇ ಇಸವಿಯದು, ಕಡುಹಸಿರು ಬಣ್ಣ, ನಾಲ್ಕೂ ಚಕ್ರ ಎಳೆಯುವಂಥದ್ದು. ಎದೆಮಟ್ಟ ಹಿಮ ಬಿದ್ದರೂ ಗೊಣಗದೆ ನುಗ್ಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಮಾವ ಒಮ್ಮೆ ಅವನ ಕೈಗೆ ಸ್ಟೀರಿಂಗ್ ಕೊಟ್ಟಿದ್ದರು. ಅಂದಿನಿಂದ ಅವನಿಗೆ ಹೆಂಡತಿ ಮಾರ್ಲಿಸ್ ಮೇಲೆ ಪ್ರೀತಿ ಇನ್ನಷ್ಟು ಹೆಚ್ಚಾಯಿತು ಎಂದು ಹೇಳುವವರಿದ್ದಾರೆ.

ಅಷ್ಟಕ್ಕೆ ಸುಮ್ಮನಿದ್ದು ಡುವೇನನ ಹತ್ತಿರ ಹೋಗಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಸೋಮವಾರ ಬೆಳಗ್ಗೆ ಉಗ್ರಾಣದ ಕಾಫಿ ಮೇಜಿನಲ್ಲಿ ಆರ್ಲೆನ್ ಎಲ್ಲರೆದುರು ಹೇಳಿಬಿಟ್ಟ: "ಅದೇನು ಮಹಾ ಕೆಲಸ? ಎಂಟು ಬೋಲ್ಟು. ಬಿಚ್ಚೋದು, ಹಾಕೋದು. ಇಷ್ಟಕ್ಕೆಲ್ಲ ಗ್ಯಾರೇಜಿಗೆ ಹೋಗೋರನ್ನ ಕಂಡ್ರೆ ನಗು ಬರುತ್ತೆ." ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು. ಮೇಜಿನ ಸುತ್ತ ಕೂತಿದ್ದ ಏಳು ಜನರಲ್ಲಿ ಆರು ಜನ ಹಿಂದಿನ ತಿಂಗಳಷ್ಟೇ ಗ್ಯಾರೇಜಿಗೆ ಹೋಗಿ ಬಂದವರು. ಎಲ್ಲರೂ ಕಾಫಿ ಕುಡಿದರು.

ಪಕ್ಕದ ಊರಿನ ಲೇತ್ ಅಂಗಡಿಯಲ್ಲಿ ಅಳತೆ ಕೊಟ್ಟು, ಎರಡೂ ತುದಿಗೆ ಹೊಸ ತರದ ಕ್ರಾಸ್ ಜಾಯಿಂಟು ಇರುವ ಶಾಫ್ಟು, ಅಂದರೆ ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಕಬ್ಬಿಣದ ದಂಡ, ಮಾಡಿಸಿ ತಂದದ್ದಾಯಿತು. ಶನಿವಾರ ಬೆಳಗ್ಗೆ ಎಂಟಕ್ಕೆ ಆರ್ಲೆನ್ ಹಳೆಯ ಕಂಬಳಿಯೊಂದನ್ನು ನೆಲಕ್ಕೆ ಹಾಸಿ ಟ್ರಕ್ಕಿನ ಕೆಳಗೆ ನುಸುಳಲು ಸಿದ್ಧನಾದ. ಮಾರ್ಲಿಸ್ ಅಡುಗೆಗೆ ಕೈಜೋಡಿಸಲು ಆಗಲೇ ಚರ್ಚಿಗೆ ಹೋಗಿದ್ದಳು.

ಇಲ್ಲೊಂದು ಮಾತು ಹೇಳಬೇಕು. ನಾರ್ತ್ ಡಕೋಟಾದ ನೆಲ ರೊಟ್ಟಿ ಕಾವಲಿಯ ಹಾಗೆ ಚಪ್ಪಟೆ. ಸುತ್ತ ಮೂವತ್ತು ಮೈಲಿಗೆ ಇರುವುದು ಒಂದೇ ದಿಬ್ಬ. ದೇವರು ಯಾಕೋ ಅದನ್ನು ಹೌಗ್‌ದಾಲಿನಲ್ಲಿಟ್ಟ, ಹಾಲ್ವರ್ ಅದರ ಮೇಲೆ ಮನೆ ಕಟ್ಟಿದ. ಮನೆಯ ಮುಂದಿನ ಓಣಿ ನೇರ ಕೆಳಗಿಳಿದು ರಸ್ತೆ ದಾಟಿ ಚರ್ಚಿನ ಅಂಗಳಕ್ಕೆ ಸೇರುತ್ತದೆ. ಆರ್ಲೆನ್ ಟ್ರಕ್ಕನ್ನು ಆ ಓಣಿಯ ತಲೆಯಲ್ಲಿ, ಮೂತಿ ಕೆಳಮುಖವಾಗಿ ನಿಲ್ಲಿಸಿದ್ದ. ಸಂಜೆ ಅತ್ತೆಯನ್ನು ಕೂರಿಸಿಕೊಂಡು ನೇರ ಹೊರಡಲು ಸಲೀಸಾಗಲಿ ಎಂದು.

ಆಗ ಪಕ್ಕದ ಮನೆಯ ವರ್ನನ್ ಓಸೆನ್ ಕಾಫಿ ಲೋಟ ಹಿಡಿದು ಬೇಲಿಯ ಹತ್ತಿರ ಬಂದು ನಿಂತ. ಯಾರ ಮನೆಯಲ್ಲಿ ಯಾರು ಏನು ಬಿಚ್ಚಿದರೂ ವರ್ನನ್ನನಿಗೆ ಗೊತ್ತಾಗುತ್ತಿತ್ತು.

"ಶುರು ಮಾಡ್ದ್ಯಾ?"

"ಶುರು ಮಾಡ್ದೆ."

"ಕೈ ಹಾಕ್ಲಾ?"

"ಏ, ಬೇಡ ಬಿಡು ವರ್ನನ್. ಎಂಟು ಬೋಲ್ಟು ಅಷ್ಟೆ."

ವರ್ನನ್ ಒಂದು ಗುಟುಕು ಕುಡಿದು ಟ್ರಕ್ಕನ್ನು ನೋಡಿದ, ಇಳಿಜಾರನ್ನು ನೋಡಿದ. "ನನಗೇನೂ ತೊಂದ್ರೆ ಇಲ್ಲ. ಕೈ ಹಾಕ್ಲೇನು?"

"ಬೇಡಪ್ಪ. ನಿನ್ನ ಕೆಲಸ ನಿನಗಿರುತ್ತೆ."

ಹೌಗ್‌ದಾಲಿನಲ್ಲಿ ಮರ್ಯಾದಸ್ಥನಾದವನು ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲ ಕೇಳಿದಾಗ ಹೂಂ ಅನ್ನಬೇಕು. ನಾರ್ವೆಯಿಂದ ಹಡಗು ಹತ್ತಿದ ಅಜ್ಜಂದಿರು ಬೈಬಲ್ಲಿನ ಜೊತೆ ಕಟ್ಟಿಕೊಂಡು ಬಂದ ನಿಯಮ ಇದು. ಆರ್ಲೆನ್ ಮೂರನೆಯದಕ್ಕೆ ಕಾದ. ನಿಜವಾಗಿ ಅವನಿಗೆ ಸಹಾಯ ಬೇಕಿತ್ತು. ಎಂಟು ಬೋಲ್ಟಿನಲ್ಲಿ ಯಾವುದಕ್ಕೆ ಯಾವ ಸ್ಪ್ಯಾನರ್ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ವರ್ನನ್ ಬಾಯಿ ತೆರೆದ. ಅಷ್ಟರಲ್ಲಿ ಅವನ ಹೆಂಡತಿ ಒಳಗಿಂದ ಕೂಗಿದಳು, ಬಟ್ಟೆ ಒಣಗಹಾಕುವ ಹಗ್ಗ ಬಿಗಿಯಾಗಿ ಕಟ್ಟಿಕೊಡಬೇಕಂತೆ. ವರ್ನನ್ ಹೊರಡುವ ಮುಂಚೆ ಬೇಲಿ ಬುಡದಲ್ಲಿದ್ದ ಸೌದೆಯ ತುಂಡೊಂದನ್ನು ಕಾಲಿನಿಂದ ತಳ್ಳಿ, ಅದು ಉರುಳಿ ಟ್ರಕ್ಕಿನ ಮುಂದಿನ ಚಕ್ರಕ್ಕೆ ತಾಗುವಂತೆ ಮಾಡಿ, ಏನೂ ಹೇಳದೆ ಹೋದ.

ಆರ್ಲೆನ್ ಆ ತುಂಡನ್ನು ನೋಡಿದ. ತಾನೇನು ಹ್ಯಾಂಡ್ ಬ್ರೇಕ್ ಹಾಕುವುದು ತಿಳಿಯದ ಮಗುವೇ? ರೋಷ ಬಂತು. ತುಂಡನ್ನು ಎತ್ತಿ ಬೇಲಿಯಾಚೆ ಎಸೆದು, ಟ್ರಕ್ಕಿಗೆ ಹತ್ತಿ, ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಇನ್ನೆರಡು ಹಲ್ಲು ಜಗ್ಗಿ ಬಂದ. ಇನ್ನು ಭೂಕಂಪವಾದರೂ ಇದು ಅಲ್ಲಾಡುವುದಿಲ್ಲ ಎಂದುಕೊಂಡ.

ಈಗಿನ ಗಾಡಿಯಾಗಿದ್ದರೆ ಅಲ್ಲಾಡುತ್ತಲೂ ಇರಲಿಲ್ಲ. ಈಗಿನ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರವನ್ನು ಹಿಡಿಯುತ್ತದೆ. ಹಾಲ್ವರನ ಟ್ರಕ್ಕಿನಲ್ಲಿ ಅದು ಹಿಡಿಯುವುದು ಚಕ್ರವನ್ನಲ್ಲ, ನಡುವೆ ಇರುವ ಶಾಫ್ಟನ್ನು. ಶಾಫ್ಟು ಚಕ್ರವನ್ನು ಹಿಡಿದಿರುತ್ತದೆ. ಶಾಫ್ಟನ್ನೇ ಕಳಚಿದ ಮೇಲೆ ಬ್ರೇಕು ಹಿಡಿದುಕೊಂಡಿರುವುದು ಬರೀ ಗಾಳಿಯನ್ನು.

ಎರಡೂವರೆ ಗಂಟೆ ಆರ್ಲೆನ್ ಅದರ ಕೆಳಗೆ ಒದ್ದಾಡಿದ. ಬೋಲ್ಟು ಬಿಚ್ಚಿದರೂ ತುಕ್ಕು ಬಿಡಲಿಲ್ಲ. ಮೂಗಿನೊಳಗೆ ಮಣ್ಣು, ಕಿವಿಯೊಳಗೆ ಗ್ರೀಸು. ಕೊನೆಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟ. ಮುಂದಿನ ತುದಿ ಕಳಚಿತು, ಅದರ ಭಾರಕ್ಕೆ ಹಿಂದಿನ ತುದಿಯೂ ಕಿತ್ತುಕೊಂಡಿತು, ಶಾಫ್ಟು ಪೂರ್ತಿ ಅವನ ಎದೆಯ ಮೇಲೆ ಬಂದು ಬಿತ್ತು. ಆರ್ಲೆನ್ ಅದನ್ನು ಎರಡೂ ಕೈಯಲ್ಲಿ ತಬ್ಬಿ, "ಬಂದ್ಯಾ ನನ್ನಪ್ಪ!" ಎಂದ.

ಹಾಗೆಂದವನಿಗೆ ಇದ್ದಕ್ಕಿದ್ದಂತೆ ಬೆಳಕು ಜಾಸ್ತಿಯಾದಂತೆ ಕಂಡಿತು. ಕಣ್ಣೆದುರಿದ್ದ ತುಕ್ಕು ಹಿಡಿದ ಕಬ್ಬಿಣ ನಿಧಾನವಾಗಿ ಕಾಲಿನ ಕಡೆಗೆ ಸರಿಯುತ್ತಿತ್ತು. ಹಿಂದಿನ ಅಚ್ಚಿನ ಗಡ್ಡೆ ಬಂದು, ಅವನ ಮೂಗಿನ ತುದಿಗೆ ಒಂದು ಬೊಟ್ಟು ಗ್ರೀಸು ಹಚ್ಚಿ, ಮುಂದೆ ಹೋಯಿತು. ಆಮೇಲೆ ಮೇಲೆ ಉಳಿದದ್ದು ಸೆಪ್ಟೆಂಬರಿನ ಸ್ವಚ್ಛ ನೀಲಿ ಆಕಾಶ. ಅದರಲ್ಲಿ ಬಾತುಕೋಳಿಗಳು ದಕ್ಷಿಣಕ್ಕೆ ಹಾರುತ್ತಿದ್ದವು.

ಆರ್ಲೆನ್ ಎದ್ದು ಕೂರುವ ಹೊತ್ತಿಗೆ ಟ್ರಕ್ಕು ಓಣಿಯ ಅರ್ಧ ಇಳಿದಿತ್ತು. ಆತುರವೇನಿಲ್ಲ ಎಂಬಂತೆ ಹೊರಟದ್ದು ಈಗ ಮನಸ್ಸು ಮಾಡಿತ್ತು. ವರ್ನನ್ ಬೆಳಗ್ಗೆಯಷ್ಟೇ ಬಿಗಿಯಾಗಿ ಕಟ್ಟಿದ್ದ ಹಗ್ಗದ ಒಂದು ತುದಿಯನ್ನು ಕಿತ್ತು, ವರ್ನನ್ನನ ಹೆಂಡತಿಯ ಹೂವಿನ ಹೊದಿಕೆಯನ್ನು ಮೈಮೇಲೆ ಹೊದ್ದುಕೊಂಡು, ರಸ್ತೆ ದಾಟಿತು. ರಸ್ತೆಯಲ್ಲಿ ಯಾರೂ ಇರಲಿಲ್ಲ, ಪುಣ್ಯ. ಚರ್ಚಿನ ಅಂಗಳಕ್ಕೆ ನುಗ್ಗಿ, ಊಟಕ್ಕೆ ಹಾಕಿದ್ದ ಮೇಜುಗಳನ್ನು ಒಂದಿಷ್ಟೂ ಮುಟ್ಟದೆ ಪಕ್ಕದಿಂದ ಹಾದು, ಹಿಂಬದಿಯಲ್ಲಿದ್ದ ಹಳೆಯ ಕುದುರೆ ಲಾಯಕ್ಕೆ ಹೋಗಿ ಗುದ್ದಿತು. ಲಾಯ ಒಂದು ಕ್ಷಣ ಯೋಚಿಸಿ, ನಿಟ್ಟುಸಿರು ಬಿಟ್ಟು, ನೆಲಸಮವಾಯಿತು.

ಶಾಫ್ಟನ್ನು ಕೆಳಗಿಡಬೇಕೆಂಬುದೂ ಹೊಳೆಯದೆ, ಅದನ್ನು ಎದೆಗವಚಿಕೊಂಡೇ ಆರ್ಲೆನ್ ಓಡಿದ. ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಿಂದ ಹೆಂಗಸರೆಲ್ಲ ಏಪ್ರನ್ನಿನಲ್ಲೇ ಹೊರಗೆ ಬಂದು ಸಾಲಾಗಿ ನಿಂತಿದ್ದರು. ಮಾರ್ಲಿಸ್ ಕೈಯಲ್ಲಿ ಸೌಟಿತ್ತು. ಪಾದ್ರಿ ನೆಸ್ ಮೆಟ್ಟಿಲ ಮೇಲಿದ್ದರು. ಧೂಳು ಇಳಿಯಿತು. ಹಲಗೆಗಳ ರಾಶಿಯ ನಡುವೆ ಟ್ರಕ್ಕು, ಅದರ ಬಾನೆಟ್ಟಿನ ಮೇಲೆ ಕ್ರಿಸ್ಮಸ್ ನಾಟಕಕ್ಕೆಂದು ಲಾಯದಲ್ಲಿಟ್ಟಿದ್ದ ಮರದ ಒಂಟೆಯ ತಲೆ.

ನೂರು ವರ್ಷದ ಲಾಯ! ಮೊದಲ ಸಲ ಬಂದವರು ಕುದುರೆ ಕಟ್ಟುತ್ತಿದ್ದ ಜಾಗ! ಆರ್ಲೆನ್‌ಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಯಾರಾದರೂ ನಾಲ್ಕು ಮಾತು ಬೈದಿದ್ದರೆ ಅವನ ಎದೆ ಹಗುರವಾಗುತ್ತಿತ್ತು. ಹೌಗ್‌ದಾಲಿನವರು ಬೈಯುವ ಜನ ಅಲ್ಲ.

"ಇನ್ನೂ ಕೆಟ್ಟದಾಗಬಹುದಿತ್ತು," ಎಂದಳು ಒಬ್ಬಳು.

"ಮಳೆಯಂತೂ ಇಲ್ಲ," ಎಂದಳು ಇನ್ನೊಬ್ಬಳು.

"ತಪ್ಪಾಯ್ತು!" ಎಂದ ಆರ್ಲೆನ್ ಏದುಸಿರು ಬಿಡುತ್ತ. "ಪಾದ್ರಿಗಳೇ, ನನ್ನ ತಪ್ಪು. ನಾನೇನೂ ಮಾಡ್ಲಿಲ್ಲ, ಅದು ತಾನಾಗೇ ಬಂತು!"

ಪಾದ್ರಿ ನೆಸ್ ಮೆಟ್ಟಿಲಿಳಿದು ಬಂದರು. ಅವನ ಮುಖ ನೋಡಿದರು, ಲಾಯ ನೋಡಿದರು, ಮತ್ತೆ ಅವನ ಮುಖ ನೋಡಿದರು. ಅವರ ಕಣ್ಣು ತೇವವಾಗಿತ್ತು.

ಈ ಲಾಯದ ಕತೆಯೇ ಬೇರೆ. ಅದು ಹನ್ನೊಂದು ವರ್ಷದಿಂದ ಒಂದು ಕಡೆಗೆ ವಾಲಿಕೊಂಡಿತ್ತು. ಕೆಡವಬೇಕು ಎಂದು ಅರ್ಧ ಊರು, ಉಳಿಸಬೇಕು ಎಂದು ಅರ್ಧ ಊರು. ಇನ್ನೊಬ್ಬರ ಮನಸ್ಸು ನೋಯಿಸಬಾರದೆಂದು ಎರಡೂ ಕಡೆಯವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪ್ರತಿ ಜನವರಿಯ ಸಭೆಯಲ್ಲೂ ಅದನ್ನು ಮುಂದಿನ ಜನವರಿಗೆ ತಳ್ಳುತ್ತಿದ್ದರು. ಈಗ ಬಿಷಪ್ ಬರುವ ದಿನ ಅದು ಯಾರ ತಲೆಯ ಮೇಲೆ ಬೀಳುತ್ತದೋ ಎಂದು ಪಾದ್ರಿಗಳಿಗೆ ಮೂರು ರಾತ್ರಿ ನಿದ್ದೆಯಿರಲಿಲ್ಲ. ಉಳಿಸಬೇಕು ಅಂದುಕೊಂಡವರಿಗೂ ಒಳಗೊಳಗೆ ಅದು ಸಾಕಾಗಿತ್ತು, ಆದರೆ ಮೊದಲು ಬಾಯಿಬಿಡುವವರು ಯಾರು?

"ತಾನಾಗೇ ಬಂತು," ಎಂದು ಪಾದ್ರಿಗಳು ಮೆಲ್ಲಗೆ ಹೇಳಿಕೊಂಡರು. ಹೋದ ವರ್ಷ ಯಾರೋ ಪುಣ್ಯಾತ್ಮರು ಚರ್ಚಿನ ಅಡುಗೆಮನೆಗೆ ಹೊಸ ಒಲೆ ತಂದಿಟ್ಟು, ಕೇಳಿದಾಗ ತಮ್ಮ ಉಪಕಾರ ಹೊರಗೆ ಬಾರದಿರಲೆಂದು ಅವರೂ ಇದನ್ನೇ ಹೇಳಿದ್ದರು. "ಆರ್ಲೆನ್, ನಿಮ್ಮ ಮನಸ್ಸು ನಮಗೆ ಅರ್ಥವಾಯ್ತು."

"ಏನರ್ಥವಾಯ್ತು? ಬ್ರೇಕು..."

"ಸಾಕು ಸಾಕು. ಹೆಚ್ಚು ಹೇಳಬೇಡಿ. ಒಂದು ಲೋಟ ಕಾಫಿ ಕುಡೀರಿ."

ಒಬ್ಬಳು ಕಾಫಿ ತಂದಳು. ಇನ್ನೊಬ್ಬಳು ಬೆಣ್ಣೆ ಸಕ್ಕರೆ ಹಚ್ಚಿ ಸುತ್ತಿದ ಆಲೂಗಡ್ಡೆ ರೊಟ್ಟಿ ತಂದಳು. ಗ್ರೀಸಿನ ಕೈಯಲ್ಲಿ ಅದನ್ನು ಹಿಡಿದು ಆರ್ಲೆನ್ ನಿಂತ. ಹತ್ತು ಜನ ಸೇರಿ ಹಲಗೆಗಳನ್ನು ಎತ್ತಿ ಒಟ್ಟತೊಡಗಿದರು, ಹನ್ನೊಂದು ವರ್ಷದ ಸಂಕೋಚ ಹನ್ನೊಂದು ನಿಮಿಷದಲ್ಲಿ ಕರಗಿಹೋಗಿತ್ತು. ಹೋಗುವವರೆಲ್ಲ ಅವನ ಬೆನ್ನು ತಟ್ಟಿ ಹೋದರು. ಪ್ರತಿ ತಟ್ಟಿಗೂ ಅವನು ಒಂದೊಂದಂಗುಲ ಕುಗ್ಗಿದ.

ವರ್ನನ್ ಬಂದ, ಹೆಂಡತಿಯ ಹೊದಿಕೆ ಬಿಡಿಸಿಕೊಳ್ಳಲು.

"ವರ್ನನ್, ನಿನಗೆ ಗೊತ್ತಿತ್ತಾ, ಇದರ ಬ್ರೇಕು ಶಾಫ್ಟಿನ ಮೇಲಿರೋದು?"

"ಗೊತ್ತಿತ್ತು."

"ಮತ್ತೆ ಹೇಳೋದಲ್ವೇನಯ್ಯಾ?"

"ಹೇಳೋಣ ಅನ್ನಿಸ್ತು," ಎಂದ ವರ್ನನ್ ಹೊದಿಕೆ ಮಡಚುತ್ತ. "ಆದ್ರೆ ನೀನು ಕೇಳಲಿಲ್ಲವಲ್ಲ. ಕೇಳದೆ ಬುದ್ಧಿ ಹೇಳೋದು ಚೆನ್ನಾಗಿರಲ್ಲ."

ಅಷ್ಟರಲ್ಲಿ ಡುವೇನ್ ಬಂದ. ಯಾರು ಹೇಳಿಕಳಿಸಿದರೋ, ಸ್ಪ್ಯಾನರಿನ ಪೆಟ್ಟಿಗೆ ಸಮೇತ ಬಂದಿದ್ದ. ಆರ್ಲೆನ್ ಈಗ ನಿಯಮ ಗಿಯಮ ಎಲ್ಲ ಬಿಟ್ಟು, ಕೇಳುವ ಮುಂಚೆಯೇ "ಹೂಂ" ಅಂದ. ಡುವೇನ್ ಕೆಳಗೆ ಬಗ್ಗಿ ನೋಡಿ ಹೇಳಿದ, "ಏನೂ ಆಗಿಲ್ಲ ಕಣಣ್ಣ. ಗಟ್ಟಿ ಕಬ್ಬಿಣ. ಬಂಪರಿಗೆ ಒಂದು ಗೀಟು ಬಿದ್ದಿದೆ ಅಷ್ಟೆ. ಹೊಸ ಶಾಫ್ಟು ಎಲ್ಲಿ?"

ಹೊಸ ಶಾಫ್ಟು ಮನೆಯ ಜಗುಲಿಯಲ್ಲಿತ್ತು. ಆರ್ಲೆನ್ ದಿಬ್ಬ ಹತ್ತಿದ. ಜಗುಲಿಗೆ ಕಾಲಿಡುತ್ತಿದ್ದಂತೆ ಬಾಗಿಲು ತೆರೆಯಿತು. ಬೋರ್ಘಿಲ್ಡ್ ಅಜ್ಜಿ ಊರುಗೋಲು ಹಿಡಿದು ನಿಂತಿದ್ದಳು. ಅವಳ ಕಣ್ಣು ಅವನ ಗ್ರೀಸು ಮೆತ್ತಿದ ಮೂಗಿನ ಮೇಲೆ ಒಂದು ಗಳಿಗೆ ನಿಂತು, ಖಾಲಿ ಓಣಿಯ ಕಡೆಗೆ ಹೋಯಿತು.

"ಟ್ರಕ್ ಎಲ್ಲಿ?"

ಅತ್ತೆಯ ಕಿವಿ ಮಂದ, ಸದ್ದು ಕೇಳಿರಲಾರದು. ಮಧ್ಯಾಹ್ನ ಅವಳು ಮಲಗಿಬಿಡುತ್ತಾಳೆ, ರಿಪೇರಿ ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ಗಂಟೆಗೆ ಇನ್ನೂ ಸಮಯವಿದೆ, ಡುವೇನ್ ಕೆಳಗೆ ಕಾಯುತ್ತಿದ್ದಾನೆ. ಒಂದೇ ಒಂದು ಮಾತು.

"ಚರ್ಚಿನ ಹತ್ತಿರ ನಿಲ್ಲಿಸಿದ್ದೀನಿ ಅತ್ತೆ. ಪರೀಕ್ಷೆ ಮಾಡೋಣ ಅಂತ ಒಂದು ಸುತ್ತು ಓಡಿಸ್ಕೊಂಡು ಹೋಗಿದ್ದೆ."

"ಓಡಿಸ್ಕೊಂಡು ಹೋದ್ಯಾ?"

"ಹೂಂ ಅತ್ತೆ."

"ಹೌದಾ," ಎಂದು ಅಜ್ಜಿ ಒಳಗೆ ಹೋದಳು.

ಆರ್ಲೆನ್ ಶಾಫ್ಟು ಹೊತ್ತುಕೊಂಡು ದಿಬ್ಬ ಇಳಿದ. ಸಣ್ಣಂದಿನಿಂದ ಅವನು ಸುಳ್ಳು ಹೇಳಿದ್ದು ಕಡಿಮೆ. ಒಳ್ಳೆಯವನೆಂದಲ್ಲ, ಹೇಳಿದರೆ ಕಿವಿ ಕೆಂಪಾಗಿ ಸಿಕ್ಕಿಬೀಳುತ್ತಿದ್ದ. ಈಗ ಕಿವಿಯ ಮೇಲೆ ಗ್ರೀಸಿದ್ದುದರಿಂದ ಬಚಾವಾದೆ ಎಂದುಕೊಂಡ.

ಡುವೇನ್ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ. ಆರ್ಲೆನ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದ ಸ್ಪ್ಯಾನರ್ ಕೊಡುತ್ತಿದ್ದ. ಮೂರು ಸಲ ತಪ್ಪು ಸ್ಪ್ಯಾನರ್ ಕೊಟ್ಟ. ಡುವೇನ್ ಒಮ್ಮೆಯೂ ತಪ್ಪು ಅನ್ನಲಿಲ್ಲ, "ಇದನ್ನೂ ಇಟ್ಕೊಂಡಿರ್ತೀನಿ" ಅಂದ. ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ದಿಕ್ಕಿಗೆ ನೋಡುತ್ತಿರಬೇಕಂತೆ, ಇಲ್ಲದಿದ್ದರೆ ಗಾಡಿ ಗಡಗಡ ನಡುಗುತ್ತದಂತೆ. ಆರ್ಲೆನ್ ಅದನ್ನು ಜಗುಲಿಯಲ್ಲೇ ಅಡ್ಡಾದಿಡ್ಡಿ ಜೋಡಿಸಿಟ್ಟಿದ್ದ. ಡುವೇನ್ ಸದ್ದಿಲ್ಲದೆ ಬಿಚ್ಚಿ ತಿರುಗಿಸಿ ಹಾಕಿದ.

"ಇನ್ನೊಂದು ಸಲ ಶಾಫ್ಟು ಬಿಚ್ಚೋವಾಗ ನಾಲ್ಕು ಚಕ್ರದ ಗೇರು ಹಾಕಿಡಣ್ಣ," ಎಂದ ಕೈ ಒರೆಸಿಕೊಳ್ಳುತ್ತ. "ಆಗ ಮುಂದಿನ ಶಾಫ್ಟು ಬ್ರೇಕಿಗೆ ಸಿಗುತ್ತೆ. ಅಲ್ಲ, ನಿಂಗೊತ್ತಿಲ್ಲ ಅಂತಲ್ಲ. ನೀನು ಬೇಕಂತಲೇ ಬಿಟ್ಟಿದ್ದು ಅಂತ ಎಲ್ಲರೂ ಹೇಳ್ತಿದ್ದಾರೆ. ಮೇಜಿಗೆ ತಾಗದ ಹಾಗೆ ಅಷ್ಟು ನೇರ ಗುರಿ ಇಡೋದು ನನ್ನ ಕೈಲಾಗ್ತಿರಲಿಲ್ಲ."

"ಡುವೇನ್, ನಾನು ಗುರಿ ಇಡ್ಲಿಲ್ಲ ಕಣೋ! ಕೆಳಗೆ ಮಲಗಿದ್ದೆ! ನನ್ನ ಮೇಲೇ ಹಾದುಹೋಯ್ತು!"

ಡುವೇನ್ ನಕ್ಕ. "ನಿನ್ನ ದೊಡ್ಡತನ ಅಣ್ಣ," ಎಂದು ಹೋದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಆರ್ಲೆನ್ ಮೈ ಉಜ್ಜಿ ತೊಳೆದು, ಕೋಟು ಹಾಕಿ, ಟ್ರಕ್ಕನ್ನು ಮನೆ ಮುಂದೆ ತಂದು ನಿಲ್ಲಿಸಿದ. ಟಕ್ ಅನ್ನಲಿಲ್ಲ, ಗ್ರೀಸು ಉಗುಳಲಿಲ್ಲ. ಬೋರ್ಘಿಲ್ಡ್ ಅಜ್ಜಿ ಹೊಸ ಬಿಳಿ ಕಾಲುಚೀಲ ಹಾಕಿಕೊಂಡು ಬಂದಳು. ಮೆಟ್ಟಿಲು ಎತ್ತರ, ಆರ್ಲೆನ್ ಕೈ ಹಿಡಿದು ಹತ್ತಿಸಿದ. ಅಜ್ಜಿ ಗಂಡನ ಪಕ್ಕ ನಲವತ್ತು ವರ್ಷ ಕೂತ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಓಣಿಯಲ್ಲಿ ಟ್ರಕ್ಕು ಬೆಣ್ಣೆಯ ಮೇಲೆ ಇಳಿದಂತೆ ಇಳಿಯಿತು. ಆರ್ಲೆನ್‌ನ ಎದೆ ಉಬ್ಬಿತು. ಗೆದ್ದೆ ಅಂದುಕೊಂಡ.

"ಸದ್ದೇ ಇಲ್ಲ," ಎಂದಳು ಅಜ್ಜಿ.

"ಇಲ್ಲ ಅತ್ತೆ."

"ಚೆನ್ನಾಗಿ ಮಾಡಿದ್ದೀಯ." ಊರುಗೋಲನ್ನು ಮಡಿಲಿಗೆ ಎಳೆದುಕೊಂಡು, "ನನಗೆ ಹೇಳೋದೇನಾದ್ರೂ ಇದೆಯಾ?" ಎಂದಳು.

ಇತ್ತು. ಬಾಯಿಯ ತುದಿಗೂ ಬಂದಿತ್ತು. ಆದರೆ ಚರ್ಚು ಇನ್ನು ಇನ್ನೂರು ಅಡಿ ದೂರದಲ್ಲಿತ್ತು. ಅಷ್ಟು ದಾಟಿದರೆ ಟ್ರಕ್ಕು ತನ್ನದು. "ಏನಿಲ್ಲ ಅತ್ತೆ," ಎಂದ.

ಅಂಗಳದಲ್ಲಿ ಇಳಿಸಿದಾಗ ಅಜ್ಜಿ, ಪಾದ್ರಿಗಳ ಹತ್ತಿರ ಎರಡು ಮಾತಿದೆ ಎಂದು ಊರುಗೋಲು ಊರಿಕೊಂಡು ಹೋದಳು.

ಊಟ ಭರ್ಜರಿಯಾಗಿತ್ತು. ಮಾಂಸದುಂಡೆ, ಆಲೂಗಡ್ಡೆ, ಹದಿನೇಳು ಮನೆಯ ಹದಿನೇಳು ತರದ, ಎಲ್ಲ ಬೆರೆಸಿ ಬೇಯಿಸಿದ ಹಾಟ್‌ಡಿಶ್. ಬಿಷಪ್ಪರು ಸಂತೋಷವಾಗಿದ್ದರು. ಲಾಯವಿದ್ದ ಜಾಗದಲ್ಲೀಗ ಗುಡಿಸಿದ ನೆಲ, ಅದರಾಚೆ ಬಂಗಾರದ ಬಣ್ಣದ ಗೋಧಿ ಹೊಲದ ಕೂಳೆ ದಿಗಂತದವರೆಗೆ ಕಾಣುತ್ತಿತ್ತು. ಇಂಥ ನೋಟ ಇಲ್ಲಿತ್ತೆಂಬುದೇ ನೂರು ವರ್ಷದಿಂದ ಯಾರಿಗೂ ತಿಳಿದಿರಲಿಲ್ಲ. ಆರ್ಲೆನ್‌ಗೆ ಒಂದು ತುತ್ತೂ ಇಳಿಯಲಿಲ್ಲ.

ಪಾದ್ರಿ ನೆಸ್ ಎದ್ದು ನಿಂತರು. "ನಮ್ಮಲ್ಲೊಬ್ಬರು ಇವತ್ತು ಯಾರ ಮನಸ್ಸೂ ನೋಯದ ಹಾಗೆ, ಯಾರಿಗೂ ಓಟು ಹಾಕುವ ಕಷ್ಟ ಕೊಡದೆ, ಎಲ್ಲ ತಪ್ಪನ್ನೂ ತಮ್ಮ ಮೇಲೆ ಹೊತ್ತುಕೊಂಡು..." ಎಂದು ಶುರುಮಾಡಿದರು. ನಾನೂರು ಕಣ್ಣು ಆರ್ಲೆನ್ ಕಡೆ ತಿರುಗಿದವು. ಅವನಿಗೆ ಬೆಂಕಿ ಮೇಲೆ ಕೂತ ಹಾಗಾಯಿತು. ಬೆನ್ನು ತಟ್ಟಿಸಿಕೊಂಡದ್ದು ಸಾಕಾಗಿತ್ತು. ಅವನು ಕುರ್ಚಿ ಹಿಂದೆ ತಳ್ಳಿ ಎದ್ದ.

"ಇಲ್ಲ!" ಎಂದು ಕೂಗಿದ. "ಸ್ವಾಮಿ, ದಯವಿಟ್ಟು ಕೇಳಿ. ನನಗೆ ಶಾಫ್ಟೂ ಗೊತ್ತಿಲ್ಲ, ಬ್ರೇಕೂ ಗೊತ್ತಿಲ್ಲ. ಉಗ್ರಾಣದಲ್ಲಿ ಜಂಬ ಕೊಚ್ಚಿದೆ. ವರ್ನನ್ ಇಟ್ಟ ಸೌದೆ ತುಂಡನ್ನ ಎತ್ತಿ ಎಸೆದೆ. ಟ್ರಕ್ಕು ತಾನಾಗೇ ಉರುಳಿ ಬಂತು. ಹೊಸ ಶಾಫ್ಟು ಹಾಕಿದ್ದೂ ನಾನಲ್ಲ, ಡುವೇನ್. ಇವತ್ತಿಡೀ ನಾನು ಮಾಡಿದ ಒಂದೇ ಕೆಲಸ ಅಂದ್ರೆ ಕೆಳಗೆ ಮಲಗಿದ್ದು!"

ಒಬ್ಬಳು ಮುದುಕಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು. ಬಿಷಪ್ಪರು ಪಾದ್ರಿಗಳ ಕಡೆ ಬಾಗಿ, "ಇಷ್ಟು ಊರು ತಿರುಗಿದ್ದೀನಿ, ಇಂಥ ವಿನಯ ಎಲ್ಲೂ ಕಂಡಿಲ್ಲ," ಎಂದರು. ಅವರಿಗೆ ಮೆಲ್ಲಗೆ ಮಾತಾಡುವುದು ಬಾರದು, ಎಲ್ಲರಿಗೂ ಕೇಳಿಸಿತು. ಚಪ್ಪಾಳೆ ಬಿತ್ತು. ಹೌಗ್‌ದಾಲಿನ ನೂರು ವರ್ಷದಲ್ಲಿ ಊಟದ ಮೇಜಿನಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಆರ್ಲೆನ್ ಬಾಯಿ ತೆರೆದವನು ಹಾಗೇ ಕೂತುಬಿಟ್ಟ.

"ಇನ್ನೊಂದು ಸಂತೋಷದ ಸುದ್ದಿ," ಎಂದರು ಪಾದ್ರಿಗಳು. "ಬೋರ್ಘಿಲ್ಡ್ ಅಮ್ಮ ಹಾಲ್ವರ್ ಅವರ ನೆನಪಿಗೆ ಆ ಟ್ರಕ್ಕನ್ನು ಚರ್ಚಿಗೆ ದಾನ ಮಾಡಿದ್ದಾರೆ. ಇನ್ನು ಚಳಿಗಾಲದಲ್ಲಿ ಅಂಗಳದ ಹಿಮ ತಳ್ಳೋಕೆ ನಾವು ಯಾರನ್ನೂ ಕಾಯಬೇಕಿಲ್ಲ. ಭಾನುವಾರ ಭಾನುವಾರ ಬೆಳಗಿನ ಐದಕ್ಕೆ ಬಂದು ತಳ್ಳುವ ಸೇವೆಗೆ ಆರ್ಲೆನ್ ಹೆಸರನ್ನೂ ಅವರೇ ಕೊಟ್ಟಿದ್ದಾರೆ."

ಮತ್ತೆ ಚಪ್ಪಾಳೆ. ಎದುರು ಮೇಜಿನಲ್ಲಿ ಮಾರ್ಲಿಸ್ ಹೆಮ್ಮೆಯಿಂದ ಅಳುತ್ತಿದ್ದಳು. ಆರ್ಲೆನ್ ನಿಧಾನವಾಗಿ ಪಕ್ಕದಲ್ಲಿದ್ದ ಅತ್ತೆಯ ಕಡೆ ತಿರುಗಿದ.

"ಅತ್ತೆ... ನಾನು ಹೇಳಿದ್ದು ನಿಜ. ಯಾರೂ ನಂಬ್ತಾ ಇಲ್ಲ."

"ನಾನು ನಂಬ್ತೀನಿ," ಎಂದಳು ಬೋರ್ಘಿಲ್ಡ್ ಅಜ್ಜಿ, ಮಾಂಸದುಂಡೆಯನ್ನು ಚಾಕುವಿನಿಂದ ಎರಡು ಮಾಡುತ್ತ. "ಕಿಟಕಿಯಲ್ಲೇ ಕೂತಿದ್ದೆ. ನೀನು ಶಾಫ್ಟನ್ನ ತಬ್ಬಿಕೊಂಡು ಆಕಾಶ ನೋಡ್ತಿದ್ದದ್ದೂ ಕಂಡೆ."

ಆರ್ಲೆನ್‌ನ ಕಿವಿ ಕೆಂಪಾಯಿತು. ಈಗ ಅದನ್ನು ಮುಚ್ಚಲು ಗ್ರೀಸಿರಲಿಲ್ಲ.

"ಅದಕ್ಕೇ ಟ್ರಕ್ಕು ಕೊಟ್ಟುಬಿಟ್ರಾ? ಅದು ಉರುಳಿ ಹೋಯ್ತು ಅಂತ?"

"ಉರುಳೋದಕ್ಕೆ ಯಾರಾದ್ರೂ ಟ್ರಕ್ ಕಿತ್ಕೋತಾರೇನೋ? ಹಾಲ್ವರ್‌ಗೇ ಎರಡು ಸಲ ಉರುಳಿತ್ತು. ಒಂದು ಸಲ ನನ್ನ ಕೋಳಿಗೂಡು ಹೋಯ್ತು. ಎರಡು ಸಲವೂ ಅವನು ಮಣ್ಣು ಮುಖದಲ್ಲೇ ಓಡಿ ಬಂದು, ಬೋರ್ಘಿಲ್ಡ್, ನಾನೊಬ್ಬ ಕತ್ತೆ ಅಂದ. ನೀನೂ ಬರ್ತೀಯ ಅಂತ ಬಾಗಿಲು ತೆಗೆದು ನಿಂತೆ. ಬರೆಯೋಕೆ ಕಾಗದ ಪೆನ್ನು ಮೇಜಿನ ಮೇಲಿತ್ತು." ಅಜ್ಜಿ ಅವನ ಕಡೆ ನೋಡಲಿಲ್ಲ. "ಇಷ್ಟು ಜನಕ್ಕೆ ನಿಜ ಹೇಳಿದೆಯಲ್ಲ ಆರ್ಲೆನ್. ಎರಡು ಸಲ ಕೇಳಿದವಳು ನಾನು."

ಹಿಂದಿನಿಂದ ಯಾರೋ ಬಂದು ಅವನ ಬೆನ್ನು ತಟ್ಟಿದರು. ಬಿಷಪ್ಪರು ದೂರದಿಂದಲೇ ಲೋಟ ಎತ್ತಿ ತೋರಿಸಿದರು.

"ಊಟ ಮಾಡು," ಎಂದಳು ಅಜ್ಜಿ, ತನ್ನ ತಟ್ಟೆಯ ಅರ್ಧ ಮಾಂಸದುಂಡೆಯನ್ನು ಅವನ ತಟ್ಟೆಗೆ ಹಾಕಿ. "ಆರಿಹೋಗುತ್ತೆ."

ಆರ್ಲೆನ್ ತಲೆ ಎತ್ತದೆ ತಿಂದ.